ಹಾಸನವಲ್ಲ, ಆಸನ

ದೇವನಹಳ್ಳಿ
5 ಜನವರಿ 2025

ಪ್ರೀತಿಯ ಮೆಹರುನ್ನಿಸಾ ಮೇಡಂ ಅವರಿಗೆ,

ಲೋಹಿತಾಳ ನಮಸ್ಕಾರಗಳು. ಯಾವ ಲೋಹಿತಾ ಅಂತ ತಲೆ ಕೆರೆದುಕೊಳ್ಳಬೇಡಿ. ಪುರವರದ ಹೈಸ್ಕೂಲಿನಲ್ಲಿ ಮೂರನೇ ಬೆಂಚಿನಲ್ಲಿ ಕೂತು ದಿನಾ ನಿಮ್ಮಿಂದ ಬೈಸಿಕೊಳ್ಳುತ್ತಿದ್ದೆನಲ್ಲ, ಬಳೆ ಅಂಗಡಿ ಶಿವರುದ್ರಮ್ಮನ ಮಗಳು, ಅವಳೇ. ಈಗ ವಿಮಾನದಲ್ಲಿ ಗಗನಸಖಿ. ಆರು ವರ್ಷದಿಂದ ಹುಬ್ಬಳ್ಳಿ, ಗೋವಾ, ಹೈದರಾಬಾದ್ ಅಂತ ಓಡಾಡುತ್ತಿದ್ದೇನೆ. ನೀರು ಕೊಟ್ಟು ಲೋಟ ವಾಪಸು ತೆಗೆದುಕೊಳ್ಳುವಷ್ಟರಲ್ಲಿ ಊರು ಬಂದಿರುತ್ತದೆ, ಥೇಟ್ ನಮ್ಮ ಮಧುಗಿರಿ ಬಸ್ಸು.

ನಮ್ಮ ಕಂಪನಿ ಈಗ ದೊಡ್ಡದಾಗುತ್ತಿದೆ ಮೇಡಂ. ಆರು ದೊಡ್ಡ ವಿಮಾನ ತರಿಸುತ್ತಿದ್ದಾರೆ. ಒಂದೊಂದರಲ್ಲಿ ಮುನ್ನೂರು ಜನ, ನಡುವೆ ಓಡಾಡುವುದಕ್ಕೆ ಎರಡೆರಡು ದಾರಿ! ಜೂನ್ ತಿಂಗಳಿಂದ ಬೆಂಗಳೂರಿನಿಂದ ಸೀದಾ ಲಂಡನ್. ಆಮೇಲೆ ಸಿಡ್ನಿ, ಟೋಕಿಯೋ. ಆಫೀಸಿನ ಗೋಡೆಗೆ ಭೂಪಟ ಹಚ್ಚಿ, ಬೆಂಗಳೂರಿನಿಂದ ಎಲ್ಲ ಕಡೆಗೂ ಕೆಂಪು ದಾರ ಎಳೆದಿದ್ದಾರೆ. ನಾನು ದಿನಾ ಅದರ ಮುಂದೆ ನಿಂತು ನೋಡುತ್ತೇನೆ. ಬಾಡಿಗೆಗೆ ತಂದಿದ್ದ ಚಿಕ್ಕ ವಿಮಾನಗಳಲ್ಲಿ ಅರ್ಧ ವಾಪಸು ಹೋಗುತ್ತವೆ. ದೂರದ ಮಾರ್ಗದ ಪಟ್ಟಿಯಲ್ಲಿ ಹೆಸರು ಬಾರದವರಲ್ಲಿ ಹೆಚ್ಚಿನವರನ್ನು ಕೌಂಟರಿಗೆ ಹಾಕುತ್ತಾರಂತೆ. ಲಗೇಜು ತೂಗಿಕೊಂಡು ಕೂರಬೇಕು.

ಪಟ್ಟಿಗೆ ಸೇರಲು ಕನ್ನಡದಲ್ಲಿ ಪ್ರಕಟಣೆ ಓದುವ ಪರೀಕ್ಷೆಯಿದೆ. ಪರೀಕ್ಷಕರು ಗೌರೀಶ್ ಸರ್, ಹಿಂದೆ ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದವರು. ನನ್ನ ಜೊತೆಯವಳೊಬ್ಬಳು ಡಿಸೆಂಬರಿನಲ್ಲಿ ಪರೀಕ್ಷೆಗೆ ಹೋಗಿ, "ಪ್ರಯಾಣಿಕರೆಲ್ಲರೂ ತಮ್ಮ ತಮ್ಮ ಹಾಸನಗಳಲ್ಲಿ ಕುಳಿತುಕೊಳ್ಳಿ" ಅಂದಳು. ಅವರು, "ಎಲ್ಲರೂ ಹಾಸನದಲ್ಲಿ ಕೂತರೆ ಲಂಡನ್ನಿಗೆ ಹೋಗೋರು ಯಾರಮ್ಮಾ?" ಅಂದರು. ಮುಂದೆ ಅವಳು, "ನಾವೀಗ ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಆರುತ್ತಿದ್ದೇವೆ" ಅಂದಳು. "ಆರೋದು ದೀಪ ಕಣಮ್ಮ, ವಿಮಾನ ಆರಿದ್ರೆ ನಮ್ಮ ಕಥೆ ಮುಗೀತು" ಅಂದರಂತೆ. ಕೋಣೆಯಲ್ಲಿದ್ದ ಹನ್ನೊಂದು ಜನ ನಕ್ಕರು. ಪಾಪ, ಅವಳು ಫೇಲು.

ಇದನ್ನೆಲ್ಲ ನೋಡಿ ನನಗೂ ಎದರಿಕೆ ಶುರುವಾಗಿದೆ. ಫೆಬ್ರವರಿಯಲ್ಲಿ ನನ್ನ ಪರೀಕ್ಷೆ. ಫೋನಿನಲ್ಲಿ ದಿನಾ ಹತ್ತು ನಿಮಿಷ ಹೇಳಿಕೊಡಲು ಹೊಪ್ಪುತ್ತೀರಾ ಮೇಡಂ?

ನಿಮ್ಮ
ಲೋಹಿತಾ

*

ಸಿರಾ
12 ಜನವರಿ 2025

ಲೋಹಿತಾ,

ಆ ಜೊತೆಯವಳ ಹೆಸರೂ ಲೋಹಿತಾ ಅಂತಲೇ ಇರಬೇಕು, ಅಲ್ಲವೇ? ಸುಳ್ಳು ಹೇಳುವಾಗ ನಿನ್ನ ಅಕ್ಷರ ಬಲಕ್ಕೆ ವಾಲುತ್ತದೆ. ಹದಿನಾಲ್ಕು ವರ್ಷವಾದರೂ ಆ ಬುದ್ಧಿ ಹೋಗಿಲ್ಲ.

ನಿನ್ನ ಪತ್ರವನ್ನು ಕೆಂಪು ಗುರುತು ಹಾಕಿ ಇದರೊಳಗೇ ಇಟ್ಟಿದ್ದೇನೆ. "ಎದರಿಕೆ" ಅಲ್ಲ, ಹೆದರಿಕೆ. "ಹೊಪ್ಪುತ್ತೀರಾ" ಅಲ್ಲ, ಒಪ್ಪುತ್ತೀರಾ. ತೌಬಾ, ಬೇಕಾದ ಕಡೆ ಹಕಾರ ನುಂಗುತ್ತೀಯ, ಬೇಡದ ಕಡೆ ತಂದು ಅಂಟಿಸುತ್ತೀಯ! ನಿಮ್ಮ ಕಡೆಯ ಮಕ್ಕಳೆಲ್ಲ ಹೀಗೆಯೇ. ಮನೆಯಲ್ಲಿ "ಅಂಗೆ, ಇಂಗೆ" ಅಂತ ಬೆಳೆದವರು ಪೇಟೆಗೆ ಹೋದಾಗ ಗಾಬರಿಯಾಗಿ ಸಿಕ್ಕಸಿಕ್ಕಲ್ಲಿ ಹಕಾರ ಹಾಕುತ್ತೀರಿ.

ನಗುತ್ತಿದ್ದೇನೆ ಅಂತ ಬೇಜಾರಾಗಬೇಡ. ನನ್ನ ಮನೆಮಾತು ಉರ್ದು, ಹಕಾರ ನನಗೆ ತಾನಾಗಿ ಬಂತು. ಕಾಟ ಕೊಟ್ಟದ್ದು ಳಕಾರ. ಬಿ.ಎಡ್. ತರಗತಿಯಲ್ಲಿ "ಮಳೆ" ಅನ್ನುವ ಕಡೆ "ಮಲೆ" ಅಂದೆ. ಇಡೀ ಕ್ಲಾಸು ನಕ್ಕಿತು, ಪಾಠ ಹೇಳುತ್ತಿದ್ದವರೂ ನಕ್ಕರು. ಆವತ್ತು ಮನೆಗೆ ಬಂದು ಅಮ್ಮಿಯ ಮುಂದೆ ಅತ್ತಿದ್ದೆ. ಆಮೇಲೆ ಮೂರು ತಿಂಗಳು ಕನ್ನಡಿ ಮುಂದೆ ನಿಂತು "ಕಳ್ಳ, ಮಳ್ಳ, ಬೆಳ್ಳುಳ್ಳಿ" ಅಂತ ಹೇಳಿಕೊಂಡೆ. ಆದ್ದರಿಂದ ಆ ಹನ್ನೊಂದು ಜನರ ನಗು ಎಷ್ಟು ಚುಚ್ಚುತ್ತದೆ ಅಂತ ನನಗೆ ಗೊತ್ತು. ನಿನ್ನನ್ನು ಪಾಸು ಮಾಡಿಸದೆ ಬಿಡುವುದಿಲ್ಲ.

ಆದರೆ ಫೋನು ಬೇಡ. ಫೋನಿನಲ್ಲಿ ನೀನು ತಪ್ಪು ಮಾಡಿ, ನಕ್ಕು, ಮಾತು ಬದಲಾಯಿಸುತ್ತೀಯ. ಕಾಗದದ ಮೇಲೆ ತಪ್ಪು ಎಲ್ಲಿಗೂ ಓಡಿಹೋಗುವುದಿಲ್ಲ. ಆ ವಾಟ್ಸಾಪೂ ಬೇಡ, ಅದರಲ್ಲಿ ನೀವು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಕನ್ನಡ ನನಗೆ ತಲೆನೋವು. ಕೈಯಲ್ಲಿ ಬರಿ.

ಆಶೀರ್ವಾದಗಳೊಂದಿಗೆ,
ಮೆಹರುನ್ನಿಸಾ

*

ದೇವನಹಳ್ಳಿ
26 ಜನವರಿ 2025

ಮೇಡಂ,

ಹೌದು, ಅವಳು ನಾನೇ. ನಿಮ್ಮ ಹತ್ತಿರ ಮುಚ್ಚಿಡಲು ಹೋದದ್ದು ನನ್ನ ದಡ್ಡತನ.

ಬರೆಯುವುದು ಸುಧಾರಿಸಿದೆ. ಈ ಪತ್ರದಲ್ಲಿ ಕೆಂಪು ಗುರುತಿಗೆ ಜಾಗ ಸಿಗುವುದಿಲ್ಲ, ನೋಡಿ ಬೇಕಾದರೆ. ಆದರೆ ಓದುವುದನ್ನು ಯಾರು ತಿದ್ದಬೇಕು? ತಡೆಯಲಾರದೆ ನಿಮಗೆ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನಿಮ್ಮ ಮನೆ ಕೆಲಸಕ್ಕೆ ಬರುವ ದಾಸಮ್ಮ ಎತ್ತಿದರು. ಮೊದಲ ಸಲ, "ಮೇಡಮ್ಮ ನಮಾಜ್ ಮಾಡ್ತಾವ್ರೆ ಕಣಮ್ಮ" ಅಂದರು. ಎರಡನೇ ಸಲ, "ಮನಿಕ್ಕಂಡವ್ರೆ" ಅಂದರು. ಬೆಳಿಗ್ಗೆ ಹನ್ನೊಂದು ಗಂಟೆಗೆ! ನಾವು ಡೆಸ್ಕಿನ ಮೇಲೆ ತಲೆ ಇಟ್ಟರೆ ಡಸ್ಟರಿನಲ್ಲಿ ಬಡಿಯುತ್ತಿದ್ದವರು ನೀವು. ಮೈಗೆ ಹುಷಾರಿಲ್ಲವೇ? ಅಥವಾ ನನ್ನ ಮೇಲೆ ಕೋಪವೇ?

ಬೈದರೂ ಪರವಾಗಿಲ್ಲ ಅಂತ ನಿಮ್ಮ ಫೋನಿಗೆ ನಾಲ್ಕು ಪ್ರಕಟಣೆ ಓದಿ ರೆಕಾರ್ಡು ಮಾಡಿ ಕಳಿಸಿದ್ದೇನೆ. ದಯವಿಟ್ಟು ಕೇಳಿ, ಆಸನ ಸರಿಯಾಗಿದೆಯಾ ಹೇಳಿ. ಅದೊಂದೇ ನನಗೆ ಬೇಕಿರುವುದು. ಫೆಬ್ರವರಿ ಇಪ್ಪತ್ತನೇ ತಾರೀಕು ಪರೀಕ್ಷೆ.

ಲೋಹಿತಾ

*

ಸಿರಾ
4 ಫೆಬ್ರವರಿ 2025

ಲೋಹಿತಾ,

ನಾನು ಚೆನ್ನಾಗಿದ್ದೇನೆ, ಕೋಪ ಗೀಪ ಏನೂ ಇಲ್ಲ. ವಯಸ್ಸಾದವರು ಹನ್ನೊಂದು ಗಂಟೆಗೆ ಒರಗಿಕೊಂಡರೆ ನಿನಗೇನು ತೊಂದರೆ?

ನಿನ್ನ ರೆಕಾರ್ಡನ್ನು ಮೂರು ಸಲ ಹಾಕಿಸಿದೆ. ಆಸನ ಆಸನವಾಗಿಯೇ ಇದೆ. ಹಾರಾಟವೂ ಸರಿ, ಹವಾಮಾನವೂ ಸರಿ. ನೂರಕ್ಕೆ ನೂರು. ಧೈರ್ಯವಾಗಿ ಹೋಗು. ಗಂಟಲಿಗೆ ತಣ್ಣೀರು ಬೇಡ.

ಮೆಹರುನ್ನಿಸಾ

*

ದೇವನಹಳ್ಳಿ
21 ಫೆಬ್ರವರಿ 2025

ಮೇಡಂ,

ಫೇಲಾದೆ.

ನೀವು ನೂರಕ್ಕೆ ನೂರು ಅಂದ ಮೇಲೆ ನಾನು ರೆಕಾರ್ಡನ್ನು ಮತ್ತೆ ಕೇಳಲೂ ಇಲ್ಲ, ಬೇರೆಯವರಿಗೆ ಕೇಳಿಸಲೂ ಇಲ್ಲ. ನಿನ್ನೆ ಹೋಗಿ ಅದೇ ನಾಲ್ಕು ಪ್ರಕಟಣೆ ಓದಿದೆ. ಮೊದಲ ಸಾಲಿನಲ್ಲೇ ಗೌರೀಶ್ ಸರ್ ಪೆನ್ನು ಕೆಳಗಿಟ್ಟರು. ಹಾಸನ. ಅದೂ ಎರಡೆರಡು ಸಲ. "ಹವಾಮಾನ ಚೆನ್ನಾಗಿದೆ" ಅನ್ನಲು ಹೋಗಿ "ಅವಮಾನ ಚೆನ್ನಾಗಿದೆ" ಅಂದೆನಂತೆ. "ಒಬ್ಬರಿಗೂ ಓದಿ ತೋರಿಸಲಿಲ್ವೇನಮ್ಮಾ?" ಅಂತ ಕೇಳಿದರು. ನಮ್ಮ ಕನ್ನಡ ಮೇಡಂಗೆ ಕಳಿಸಿದ್ದೆ ಅಂತ ಬಾಯಿಗೆ ಬಂದಿತ್ತು, ನಿಮ್ಮ ಹೆಸರಿಗೆ ಕೆಟ್ಟದು ಅಂತ ನುಂಗಿಕೊಂಡೆ.

ಬೇರೆ ರಾಜ್ಯದ ಹುಡುಗಿಯರು ಇಂಗ್ಲಿಷಿನಲ್ಲಿ ಬರೆದುಕೊಂಡು ಕನ್ನಡ ಓದಿ ಪಾಸಾದರು. ಪುರವರದ ನಾನು ಕನ್ನಡದಲ್ಲಿ ಫೇಲು. ಇನ್ನೊಂದೇ ಅವಕಾಶ, ಮೇ ತಿಂಗಳಲ್ಲಿ. ಅದೂ ಹೋದರೆ ಕೌಂಟರ್.

ನಿಜ ಹೇಳಿ ಮೇಡಂ. ನೀವು ಆ ರೆಕಾರ್ಡು ಕೇಳಿದಿರಾ? ಇಲ್ಲ, ಇವಳ ಕಾಟ ತಪ್ಪಲಿ ಅಂತ ಸುಮ್ಮನೆ ಮಾರ್ಕು ಕೊಟ್ಟುಬಿಟ್ಟಿರಾ?

ಲೋಹಿತಾ

*

ದೇವನಹಳ್ಳಿ
19 ಮಾರ್ಚ್ 2025

ಮೇಡಂ,

ಹೋದ ಸಲ ಕೋಪದಲ್ಲಿ ಬರೆದೆ. ಬರೆದು ಅಂಚೆ ಡಬ್ಬಕ್ಕೆ ಹಾಕಿದ ಕೂಡಲೇ ಕೈ ಹಾಕಿ ತೆಗೆಯೋಣ ಅನ್ನಿಸಿತು, ಕೈ ಹಿಡಿಸಲಿಲ್ಲ. ಒಂದು ತಿಂಗಳಾಗುತ್ತಾ ಬಂತು, ನಿಮ್ಮಿಂದ ಒಂದು ಸಾಲೂ ಇಲ್ಲ. ನನ್ನ ಮೇಲೆ ಎಷ್ಟು ಕೆಂಪು ಗುರುತು ಬೇಕಾದರೂ ಹಾಕಿ, ಆದರೆ ಬರೆಯಿರಿ.

ಲೋಹಿತಾ

*

ಸಿರಾ
28 ಮಾರ್ಚ್ 2025

ಮುದ್ದಿನ ಲೋಹಿತಾ,

ಈ ಪತ್ರವನ್ನು ಐದು ಸಲ ಬರೆದು ಹರಿದೆ. ರಂಜಾನ್ ಉಪವಾಸದ ದಿನಗಳು ಇವು, ಈಗಲಾದರೂ ನಿಜ ಹೇಳಬೇಕು.

ನಾನು ಕೇಳಲಿಲ್ಲ. ನನಗೆ ಕಿವಿ ಕೇಳಿಸುವುದಿಲ್ಲ.

ಶುರುವಾಗಿ ನಾಲ್ಕು ವರ್ಷವಾಯಿತು. ಮೊದಲು ಸ್ಕೂಲಿನ ಗಂಟೆ ಹೋಯಿತು. ಮಕ್ಕಳು ಎದ್ದು ನಿಂತಾಗ ಪೀರಿಯಡ್ ಮುಗಿಯಿತು ಅಂತ ತಿಳಿದುಕೊಳ್ಳುತ್ತಿದ್ದೆ. ರಿಟೈರ್ ಆಗುವ ಕೊನೆಯ ವರ್ಷ ಮಕ್ಕಳು ಪಾಠ ಓದುವಾಗ ತುಟಿ ನೋಡಿ, "ಸರಿ, ಮುಂದೆ" ಅನ್ನುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಮೂವತ್ತೊಂದು ವರ್ಷ ಇನ್ನೊಬ್ಬರ ಉಚ್ಚಾರ ತಿದ್ದಿದವಳು, ಹೋಗುವಾಗ ಕಿವುಡಿ ಮೇಡಂ ಅನ್ನಿಸಿಕೊಂಡು ಹೋಗುವುದು ಬೇಡ ಅನ್ನಿಸಿತು. ಈಗಲೂ ಯಾರಾದರೂ ಪಕ್ಕದಲ್ಲಿ ಕೂತು ಕೂಗಿದರೆ ಒಂದಿಷ್ಟು ತಿಳಿಯುತ್ತದೆ, ಅಷ್ಟೇ. ಫೋನಿನಲ್ಲಿ ಏನೂ ಇಲ್ಲ. ಅದಕ್ಕೇ ನಿನಗೆ ಫೋನು ಬೇಡ ಅಂದದ್ದು. ಕಾಗದದ ತಪ್ಪು ಓಡಿಹೋಗುವುದಿಲ್ಲ ಅಂತೆಲ್ಲ ಬರೆದೆನಲ್ಲ, ಅದು ನನ್ನ ನಾಟಕ.

ನಿನ್ನ ರೆಕಾರ್ಡನ್ನು ಕೇಳಿಸಿಕೊಂಡದ್ದು ದಾಸಮ್ಮ. ಅವಳ ಪಕ್ಕ ಕೂತು, "ಹಾಸನ ಅಂತಾಳೋ, ಆಸನ ಅಂತಾಳೋ, ಸರಿಯಾಗಿ ಕೇಳಿ ಹೇಳು" ಅಂದೆ. ಅವಳು ನನ್ನ ಕಿವಿಯ ಹತ್ತಿರ ಬಂದು, "ಆಸ್ನ ಅಂತಾಳೆ ಕಣಮ್ಮ, ಏನ್ ಚೆಂದಾಗೇಳ್ತಾಳೆ, ರೇಡಿಯದಂಗೆ!" ಅಂತ ಕೂಗಿದಳು. ನನಗೆ ಖುಷಿಯೋ ಖುಷಿ. ದಾಸಮ್ಮನಿಗೆ ಹಾಸನ ಜಿಲ್ಲೆಯೂ ಆಸ್ನ, ಕೂರುವ ಕುರ್ಚಿಯೂ ಆಸ್ನ ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ! ಅವಳ ತಪ್ಪಿಲ್ಲ. ಹಕಾರವಿಲ್ಲದ ಬಾಯನ್ನು ಹಕಾರದ ಸಾಕ್ಷಿಗೆ ಕರೆದವಳು ನಾನು.

ನನ್ನ ಜಂಬ ಉಳಿಸಿಕೊಳ್ಳಲು ಹೋಗಿ ನಿನ್ನ ಅವಕಾಶ ಕಳೆದೆ. ಕ್ಷಮಿಸು ಅಂತ ಕೇಳುವುದಕ್ಕೂ ನಾಚಿಕೆ. ಬೇರೆ ಒಳ್ಳೆಯ ಮೇಷ್ಟರನ್ನು ಹುಡುಕಿಕೋ ಬೇಟಾ. ನಾನಿನ್ನು ಟೀಚರ್ ಅಲ್ಲ.

ಮೆಹರುನ್ನಿಸಾ

*

ದೇವನಹಳ್ಳಿ
3 ಏಪ್ರಿಲ್ 2025

ಮೇಡಂ,

ಪತ್ರ ಓದಿ ಮೊದಲು ಅತ್ತೆ. ದಾಸಮ್ಮನ ಭಾಗಕ್ಕೆ ಬಂದಾಗ ನಗು ತಡೆಯಲಾಗಲಿಲ್ಲ. ರೂಮಿನ ಹುಡುಗಿ ನನಗೆ ಏನೋ ಆಗಿದೆ ಅಂದುಕೊಂಡಳು.

ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತದೆ, ಅಕ್ಷರ ಬಲಕ್ಕೆ ವಾಲುತ್ತದೆ. ಸಿಟ್ಟಿದೆ. ಪರೀಕ್ಷೆ ಹೋಯಿತು ಅಂತಲ್ಲ, ನಾಲ್ಕು ವರ್ಷ ಒಬ್ಬರೇ ಈ ಭಾರ ಹೊತ್ತುಕೊಂಡು ಕೂತಿರಲ್ಲ ಅಂತ. ಒಂದು ಮಾತು ಹೇಳಿದ್ದರೆ ಮಕ್ಕಳು ಕೂಗಿಯೇ ಪಾಠ ಒಪ್ಪಿಸುತ್ತಿರಲಿಲ್ಲವೇ? ನಿಮ್ಮ ಕ್ಲಾಸಿನಲ್ಲಿ ಕಲಿತ ನಾವು ಏನು ಅಷ್ಟು ಕಲ್ಲುಗಳೇ?

ಬೇರೆ ಮೇಷ್ಟರನ್ನು ಹುಡುಕುವುದಿಲ್ಲ. ನನಗೆ ನೀವೇ ಬೇಕು. ಭಾನುವಾರ ಬೆಳಿಗ್ಗೆ ಸಿರಾ ಬಸ್ಸು ಹಿಡಿಯುತ್ತೇನೆ. ನಮ್ಮಮ್ಮ ನಿಮಗೆ ಬಳೆ ಕಳಿಸುತ್ತಾರಂತೆ. ಹೇಗೆ ಕಲಿಸುತ್ತೀರೋ ಗೊತ್ತಿಲ್ಲ, ಕಲಿಸಿ.

ಲೋಹಿತಾ

*

ಸಿರಾ
8 ಏಪ್ರಿಲ್ 2025

ಲೋಹಿತಾ,

ನೀನು ಹೋದ ಮೇಲೆ ಎರಡು ದಿನದಿಂದ ನನ್ನ ಬಲ ಅಂಗೈಯನ್ನು ನೋಡಿಕೊಳ್ಳುತ್ತಲೇ ಇದ್ದೇನೆ. ಈ ಉಪಾಯ ನನಗೆ ಮೊದಲೇ ಯಾಕೆ ಹೊಳೆಯಲಿಲ್ಲ? "ಹ" ಅಂದರೆ ಉಸಿರು. ತುಟಿಯಲ್ಲಿ ಕಾಣುವುದಿಲ್ಲ, ಆದರೆ ಬಾಯಿಯ ಮುಂದೆ ಅಂಗೈ ಹಿಡಿದರೆ ಬಿಸಿಯಾಗಿ ತಾಗುತ್ತದೆ. ನೀನು "ಆಸನ" ಅಂದಾಗ ನನ್ನ ಅಂಗೈಗೆ ಉಸಿರು ಬಡಿಯಿತು, ಆ ಕೂಡಲೇ "ತಪ್ಪು!" ಅಂದೆ. ನಿನ್ನ ಮುಖ ನೋಡಬೇಕಿತ್ತು! ದಾಸಮ್ಮ ಬಾಗಿಲಲ್ಲಿ ನಿಂತು, "ಅಯ್ಯೋ, ಮೇಡಮ್ಮಂಗೆ ಕೈಯಲ್ಲೇ ಕೇಳ್ತೈತೆ" ಅಂತ ಬಾಯಿ ಬಿಟ್ಟುಕೊಂಡಳು.

ಮನೆಪಾಠ ಹೀಗೆ. ದಿನಾ ಅರ್ಧ ಗಂಟೆ, ನಿನ್ನದೇ ಅಂಗೈಯನ್ನು ಬಾಯಿಗೆ ನಾಲ್ಕು ಬೆರಳು ದೂರ ಹಿಡಿ. ಹಾರು, ಆರು. ಹತ್ತು, ಅತ್ತು. ಹಾಸನ, ಆಸನ. ಮೊದಲನೆಯದಕ್ಕೆ ಉಸಿರು ತಾಗಬೇಕು, ಎರಡನೆಯದಕ್ಕೆ ತಾಗಬಾರದು. ನಿನ್ನ ಕಿವಿಯನ್ನು ನಂಬಬೇಡ, ಅದೂ ಪುರವರದ್ದೇ.

ಪ್ರತಿ ಭಾನುವಾರ ಬಾ. ನಿನಗೆ ಇಷ್ಟ ಅಂತ ದಾಸಮ್ಮ ಹುರುಳಿ ಬಸ್ಸಾರು ಮಾಡುತ್ತಾಳಂತೆ. ಬಳೆ ಅಳತೆ ಸರಿಯಾಗಿದೆ, ನಿಮ್ಮಮ್ಮನಿಗೆ ಹೇಳು.

ಮೆಹರುನ್ನಿಸಾ

*

ದೇವನಹಳ್ಳಿ
16 ಮೇ 2025

ಮೇಡಂ ಮೇಡಂ ಮೇಡಂ,

ಪಾಸು!

ಓದುವಾಗ ಅಂಗೈ ಹಿಡಿದುಕೊಳ್ಳಲೇ ಅಂತ ಗೌರೀಶ್ ಸರ್ ಅವರನ್ನು ಕೇಳಿದೆ. ಯಾಕೆ ಅಂದರು. ಹೇಳಿದೆ. ಅವರು ತಮ್ಮ ಬಾಯಿಯ ಮುಂದೆಯೂ ಕೈ ಹಿಡಿದು "ಹಾಸನ, ಆಸನ" ಅಂತ ಮೆಲ್ಲಗೆ ಹೇಳಿ ನೋಡಿಕೊಂಡರು! ಮೂರು ಪುಟ ಓದಿದೆ, ಒಂದೂ ತಪ್ಪಿಲ್ಲ. ಮೊದಲ ಲಂಡನ್ ವಿಮಾನದ ಪಟ್ಟಿಯಲ್ಲಿ ನನ್ನ ಹೆಸರಿದೆ. ಅಮ್ಮ ಅಂಗಡಿಗೆ ಬಂದವರಿಗೆಲ್ಲ ಸಕ್ಕರೆ ಹಂಚುತ್ತಿದ್ದಾಳೆ.

ನೀವು ಟೀಚರ್ ಅಲ್ಲ ಅಂದಿರಲ್ಲ, ಆ ಸಾಲಿಗೆ ನಾನು ಕೆಂಪು ಗುರುತು ಹಾಕಿದ್ದೇನೆ.

ಲೋಹಿತಾ

*

ಲಂಡನ್
18 ಜೂನ್ 2025

ಮೇಡಂ,

ಹೋಟೆಲಿನ ಕಾಗದದಲ್ಲಿ ಬರೆಯುತ್ತಿದ್ದೇನೆ. ವಿಮಾನ ಎಷ್ಟು ದೊಡ್ಡದು ಅಂದರೆ, ಹಿಂದಿನ ಬಾಗಿಲಲ್ಲಿ ನಿಂತರೆ ಮುಂದಿನವರು ಕಾಣುವುದಿಲ್ಲ. ಪ್ರಕಟಣೆ ಓದುವ ಸರದಿ ನನ್ನದಾಯಿತು. ಎಡಗೈಯಲ್ಲಿ ಮೈಕು, ಬಲಗೈ ಬಾಯಿಯ ಮುಂದೆ. ಎಲ್ಲ ಹಕಾರವೂ ಬೇಕಾದ ಜಾಗದಲ್ಲಿ ಕೂತವು. ಜೊತೆಯವರೆಲ್ಲ ಚಪ್ಪಾಳೆ ತಟ್ಟಿದರು.

ಆದರೆ ನಿಮಗೆ ಒಂದು ತಪ್ಪು ಒಪ್ಪಿಸಬೇಕು.

ಕೊನೆಯ ಸಾಲುಗಳಲ್ಲಿ ಒಬ್ಬ ಅಜ್ಜಿ ಇದ್ದರು. ರಾಜಲಕ್ಷ್ಮಮ್ಮ ಅಂತ, ಪಾವಗಡದ ಆಚೆ ನಾಗಲಮಡಿಕೆಯವರು, ಮಗಳ ಬಾಣಂತನಕ್ಕೆ ಹೊರಟಿದ್ದರು. ನನ್ನ ಪ್ರಕಟಣೆ ಮುಗಿಯುವಷ್ಟರಲ್ಲಿ ಅವರು ಎದ್ದು ನಿಂತು ನಡುಗುತ್ತಿದ್ದರು. "ಅಯ್ಯೋ ದೇವುಡಾ, ಏನೇಳಿದ್ಳು ಆ ಹುಡ್ಗಿ? ಏನಾಗೋಯ್ತು? ಎಲ್ಲಾರೂ ಯಾಕೆ ಬೆಲ್ಟು ಕಟ್ಕಂತಾವ್ರೆ?" ಅಂತ ಪಕ್ಕದವರನ್ನು ಕೇಳುತ್ತಿದ್ದರು. ಪಕ್ಕದವರಿಗೆ ಕನ್ನಡ ಬಾರದು. ನಾನು ಹೋಗಿ, "ಅಮ್ಮಾ, ದಯವಿಟ್ಟು ತಮ್ಮ ಆಸನದಲ್ಲಿ ಕುಳಿತುಕೊಳ್ಳಿ" ಅಂದೆ, ನೀವು ಕಲಿಸಿದ ಹಾಗೆಯೇ. ಅವರು ಇನ್ನೂ ಹೆದರಿ ನನ್ನ ಕಡೆಯಿಂದ ಹಿಂದಕ್ಕೆ ಸರಿದರು. ಆಗ ನನಗೆ ಏನಾಯಿತೋ, ಅವರ ಕೈ ಹಿಡಿದುಕೊಂಡು ಮಂಡಿಯೂರಿ ಕೂತು, "ಎದ್ರಕಬ್ಯಾಡಿ ಕಣಮ್ಮ, ಏನೂ ಆಗಿಲ್ಲ. ಮ್ಯಾಲಕ್ಕೆ ಓಗೋವಾಗ ಸಲ್ಪ ಕುಲುಕ್ತೈತೆ, ಅಷ್ಟೆಯ. ನಾನೂ ಪುರವರದೋಳೆ, ಇಲ್ಲೇ ಇರ್ತೀನಿ" ಅಂದುಬಿಟ್ಟೆ. ಅಜ್ಜಿ ನನ್ನ ಮುಖ ನೋಡಿದರು. "ನಮ್ಮೋಳೇನಮ್ಮಾ ನೀನು! ಮದ್ಲೇ ಇಂಗೇಳ್ಬಾರ್ದಾ?" ಅಂತ ಕೂತರು. ದಾರಿಯುದ್ದಕ್ಕೂ ನನ್ನನ್ನು ಕೂಗಿ ಕೂಗಿ ಮಾತಾಡಿಸಿದರು. ಇಳಿಯುವಾಗ ಬಾಣಂತಿಗೆ ಅಂತ ಇಟ್ಟಿದ್ದ ಅಂಟಿನುಂಡೆಯಲ್ಲಿ ಎರಡು ನನ್ನ ಕೈಗಿಟ್ಟು ಹೋದರು.

ನೀವು ಅಷ್ಟು ಕಷ್ಟಪಟ್ಟು ಕಲಿಸಿದ ಹಕಾರವನ್ನು ನಾನು ಮೊದಲ ದಿನವೇ ಬಿಟ್ಟುಬಿಟ್ಟೆ. ಬೈಯಿರಿ.

ಲೋಹಿತಾ

*

ಸಿರಾ
3 ಜುಲೈ 2025

ಮುದ್ದಿನ ಲೋಹಿತಾ,

ಅಜ್ಜಿಯ ಸಾಲುಗಳಿಗೆ ಬಂದಾಗ ಕೆಂಪು ಪೆನ್ನು ಕೈಯಲ್ಲೇ ಇತ್ತು. ಮುಚ್ಚಳ ಹಾಕಿ ಇಟ್ಟೆ. ಯಾರೂ ನಿನ್ನನ್ನು ನೋಡಿ ನಗದಿರಲಿ ಅಂತ ನಾನು ಹಕಾರ ಕಲಿಸಿದೆ. ಹೆದರಿ ನಿಂತವರ ಮುಂದೆ ಮಂಡಿಯೂರುವುದನ್ನು ನಿನಗೆ ಯಾರು ಕಲಿಸಿದರೋ, ಅವರು ನನಗಿಂತ ದೊಡ್ಡ ಟೀಚರ್. ಬಳೆ ತೊಡಿಸುವವಳ ಮಗಳು ನೀನು, ಕೈ ಹಿಡಿದು ಮಾತಾಡಿಸುವುದು ನಿಮ್ಮಮ್ಮನಿಂದಲೇ ಬಂದಿರಬೇಕು. ಅಂಟಿನುಂಡೆ ಒಂದಾದರೂ ನನಗೆ ಉಳಿಸಬಾರದಿತ್ತಾ?

ನಿನ್ನ ಪತ್ರ ಓದಿದ ಮಾರನೇ ದಿನ ತುಮಕೂರಿಗೆ ಹೋಗಿ ಕಿವಿಗೆ ಮಿಷನ್ ಹಾಕಿಸಿಕೊಂಡೆ. ಊರವರಿಗೆ ಕಾಣುತ್ತದೆ ಅಂತ ನಾಲ್ಕು ವರ್ಷ ಬೇಡ ಅಂದಿದ್ದೆ. ನೀನು ಹನ್ನೊಂದು ಜನ ನಕ್ಕ ಕೋಣೆಗೇ ಮತ್ತೆ ಹೋಗಿ, ಎಲ್ಲರ ಮುಂದೆ ಅಂಗೈ ಹಿಡಿದು ಓದಿದೆಯಲ್ಲ, ನನಗೇನು ಧಾಡಿ ಅನ್ನಿಸಿತು.

ಎಷ್ಟು ಸದ್ದು ಲೋಹಿತಾ! ಕುಕ್ಕರಿನ ಸೀಟಿಗೆ ಬೆಚ್ಚಿಬಿದ್ದೆ. ದಾಸಮ್ಮ ಪಾತ್ರೆ ತೊಳೆಯುತ್ತಾ, "ಈಯಮ್ಮಂಗೆ ಉಪ್ಪು ಜಾಸ್ತಿ ಆದ್ರೂ ಆಗಕಿಲ್ಲ, ಕಮ್ಮಿ ಆದ್ರೂ ಆಗಕಿಲ್ಲ" ಅಂತ ಗೊಣಗುತ್ತಿದ್ದಳು. ಇಷ್ಟು ವರ್ಷ ನನ್ನ ಬೆನ್ನ ಹಿಂದೆ ಇದೇ ನಡೆದಿತ್ತು ಅಂತ ಕಾಣುತ್ತದೆ. "ಕೇಳಿಸ್ತು ದಾಸಮ್ಮ" ಅಂದೆ. ಸೌಟು ಕೈಯಿಂದ ಬಿತ್ತು, ಅದೂ ಕೇಳಿಸಿತು.

ಆಮೇಲೆ ಫೋನಿನಲ್ಲಿ ನಿನ್ನ ಜನವರಿಯ ರೆಕಾರ್ಡು ಹಾಕಿದೆ. ತಪ್ಪು ನೋಡೋಣ ಅಂತಲೇ ಹಾಕಿದ್ದು. ತಪ್ಪು ಹಿಡಿಯಲಾಗಲಿಲ್ಲ, ಯಾರೋ ದೊಡ್ಡ ಹೆಂಗಸು ಮಾತಾಡುತ್ತಿದ್ದಳು. ತುಂಬಿದ ದನಿ, ನಿಧಾನದ ದನಿ. ಇವಳು ಯಾರು ಅಂದುಕೊಂಡೆ. ನಿನ್ನ ಪತ್ರ ಓದುವಾಗೆಲ್ಲ ನನ್ನ ತಲೆಯಲ್ಲಿ ಮಾತಾಡುತ್ತಿದ್ದವಳು ಹತ್ತನೇ ಕ್ಲಾಸಿನ ಕೀಚಲು ದನಿಯ ಹುಡುಗಿ. ಏಪ್ರಿಲಿನಲ್ಲಿ ಎದುರಿಗೆ ಬಂದು ಕೂತಾಗಲೂ ನಾನು ತುಟಿ ನೋಡಿದೆ, ಅಂಗೈಗೆ ಉಸಿರು ತಾಗಿಸಿಕೊಂಡೆ. ನೀನು ಹೀಗೆ ಮಾತಾಡುತ್ತೀಯ ಅಂತ ನನಗೆ ಗೊತ್ತೇ ಇರಲಿಲ್ಲ. ರೆಕಾರ್ಡು ಮುಗಿದ ಮೇಲೂ ಫೋನು ಹಿಡಿದುಕೊಂಡು ಅಳುತ್ತಾ ಕೂತಿದ್ದೆ, ದಾಸಮ್ಮ ಟೀ ತಂದಿಟ್ಟು ಹೋದಳು.

ಈ ಭಾನುವಾರ ರಜೆ ಸಿಕ್ಕಿದರೆ ಬಾ. ಕಾಗದ, ಪೆನ್ನು ಏನೂ ತರಬೇಡ. ನಿಮ್ಮೂರಿನ ಮಾತಿನಲ್ಲೇ, ಬಾಯಿಗೆ ಬಂದ ಹಾಗೆ ಮಾತಾಡು. ಅವತ್ತು ನಾನು ತಿದ್ದುವುದಿಲ್ಲ, ಸುಮ್ಮನೆ ಕೂತು ಕೇಳಬೇಕು.

ನಿನ್ನ
ಮೆಹರುನ್ನಿಸಾ ಟೀಚರ್